ಫೋನಿಗೆ ಸುಳ್ಳು ಲೊಕೇಶನ್: ನೀವು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೇಲಿ ಲೊಕೇಶನ್ ಪರ್ಮಿಶನ್ ಬಗ್ಗೆ ಬರೀವಾಗ ಮಾಕ್ ಲೊಕೇಶನ್ ಅಂತ ಒಂದು ಮಾತು ಬಂದಿತ್ತು, ಅಂದ್ರೆ ಫೋನು ಒಂದು ಕಡೆ ಇದ್ರೂ ಬೇರೆಲ್ಲೋ ಇದೆ ಅಂತ ಆಪ್‌ಗಳಿಗೆ ತೋರ್ಸೋದು. ಆ ಒಂದು ಮಾತಿಗೆ ಇಷ್ಟೊಂದು ಪ್ರಶ್ನೆ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಪ್ರಾಜೆಕ್ಟ್ ಮಾಡೋ ಹುಡುಗ್ರಿಂದ ಹಿಡಿದು ಜಮೀನು ತಗೊಳ್ಳೋಕೆ ಹೊರಟವ್ರ ತನಕ ಕೇಳಿದಾರೆ, ಕೆಲವ್ರು ಬರ್ದಿದ್ದು ಓದಿ ಮನಸ್ಸಿಗೆ ಕಷ್ಟಾನೂ ಆಯ್ತು. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳ್ಕೊಂಡಿದಾರೆ, ಅದಕ್ಕೆ ಊರು ಮಾತ್ರ ಕೊಟ್ಟಿದೀನಿ.

ಪ್ರಶ್ನೆ: ನಮ್ಮದು ಬಸ್ ಟ್ರ್ಯಾಕಿಂಗ್ ಆಪ್ ಪ್ರಾಜೆಕ್ಟು. ದಾವಣಗೆರೆ ಹರಿಹರ ರೂಟು ತಗೊಂಡಿದೀವಿ. ಪ್ರತಿ ಸಲ ಕೋಡ್ ಬದಲಾಯಿಸಿದಾಗ ಬಸ್ ಹತ್ತಿ ಹೋಗಿ ಬರೋಕೆ ಆಗಲ್ಲ. ಹಾಸ್ಟೆಲಲ್ಲೇ ಕೂತು ಟೆಸ್ಟ್ ಮಾಡ್ಬೋದಾ? ಇದು ತಪ್ಪಾಗತ್ತಾ? – ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಪ್ಪೇನೂ ಇಲ್ಲ, ಈ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಇರೋದೇ ನಿಮ್ಮಂಥೋರಿಗೋಸ್ಕರ. ಸೆಟ್ಟಿಂಗ್ಸಲ್ಲಿ ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರ್ ಅಂತ ಇರತ್ತೆ, ಅದನ್ನ 7 ಸಲ ಒತ್ತಿದ್ರೆ ಡೆವಲಪರ್ ಆಪ್ಶನ್ಸ್ ತೆರ್ಕೊಳತ್ತೆ, ಅದ್ರಲ್ಲಿ ಸೆಲೆಕ್ಟ್ ಮಾಕ್ ಲೊಕೇಶನ್ ಆಪ್ ಅಂತ ಇರೋ ಕಡೆ ನೀವು ಹಾಕ್ಕೊಂಡಿರೋ ಆಪನ್ನ ಆರಿಸ್ಬೇಕು. ಕೆಲವು ಕಂಪನಿ ಫೋನಲ್ಲಿ ಬಿಲ್ಡ್ ನಂಬರ್ ಇನ್ನೊಂದು ಮೆನು ಒಳಗೆ ಅಡಗಿರತ್ತೆ, ಸೆಟ್ಟಿಂಗ್ಸ್ ಮೇಲಿರೋ ಸರ್ಚಲ್ಲಿ ಹುಡುಕಿ. ಮುಂಚೆ ಅಲ್ಲಿ ಬರೀ ಒಂದು ಟಿಕ್ ಬಾಕ್ಸ್ ಇತ್ತು, 2015ರಲ್ಲಿ ಆಂಡ್ರಾಯ್ಡ್ 6 ಬಂದ್ಮೇಲೆ ಯಾವ ಆಪ್ ಅಂತ ಒಂದನ್ನೇ ಆರಿಸೋ ಹಾಗೆ ಮಾಡಿದ್ರು, ಒಳ್ಳೇದೇ ಆಯ್ತು.

ಒಳಗೆ ಏನಾಗತ್ತೆ ಅಂದ್ರೆ, ಮಾಮೂಲಿಯಾಗಿ ಫೋನಿನ ಜಿಪಿಎಸ್ ಚಿಪ್ಪು ಸುಮಾರು 20,200 ಕಿಲೋಮೀಟರ್ ಮೇಲಿರೋ ಉಪಗ್ರಹಗಳಿಂದ ಬರೋ ಟೈಮ್ ಸಿಗ್ನಲ್ ಕೇಳ್ಕೊಂಡು, ಕನಿಷ್ಠ 4 ಉಪಗ್ರಹ ಸಿಕ್ರೆ ತಾನೆಲ್ಲಿದೀನಿ ಅಂತ ಲೆಕ್ಕ ಹಾಕಿ ಆಂಡ್ರಾಯ್ಡ್‌ಗೆ ಹೇಳತ್ತೆ, ಆಂಡ್ರಾಯ್ಡ್ ಅದನ್ನ ಆಪ್‌ಗಳಿಗೆ ಹಂಚತ್ತೆ. ಮಾಕ್ ಆಪ್ ಮಧ್ಯದಲ್ಲಿ ಕೂತು, ಚಿಪ್ಪಿನ ಮಾತಿನ ಬದ್ಲು ತನ್ನ ಅಂಕಿ ಕೊಡತ್ತೆ. ಹೊರಗಡೆ ಏನೂ ಬದಲಾಗಲ್ಲ, ಟವರಿಗೆ ನಿಮ್ಮ ಫೋನು ನಿಜವಾಗಿ ಎಲ್ಲಿದ್ಯೋ ಅಲ್ಲೇ ಕಾಣತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಉತ್ತರಗಳಲ್ಲೂ ಬರತ್ತೆ.

ಆದ್ರೆ ನಿಮ್ಮ ಕೆಲಸಕ್ಕೆ ಫೋನೂ ಬೇಕಾಗಿಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಎಮ್ಯುಲೇಟರಲ್ಲಿ, ಅಂದ್ರೆ ಕಂಪ್ಯೂಟರ್ ಒಳಗೇ ಓಡೋ ನಕಲಿ ಫೋನಲ್ಲಿ, ಎಕ್ಸ್‌ಟೆಂಡೆಡ್ ಕಂಟ್ರೋಲ್ಸ್ ಒಳಗೆ ಲೊಕೇಶನ್ ಅಂತಿದೆ, ಅಲ್ಲಿ ದಾರಿ ದಾಖಲಾಗಿರೋ ಜಿಪಿಎಕ್ಸ್ ಅಥವಾ ಕೆಎಂಎಲ್ ಫೈಲ್ ಹಾಕಿದ್ರೆ ಆ ದಾರೀಲೇ ಓಡತ್ತೆ, ಸ್ಪೀಡೂ ಜಾಸ್ತಿ ಮಾಡ್ಬೋದು. ಒಂದು ಕಡೆ ಎಲ್ಲರೂ ಎಡವ್ತಾರೆ: ಮಾಮೂಲಿಯಾಗಿ ಅಕ್ಷಾಂಶ ಮೊದ್ಲು, ರೇಖಾಂಶ ಆಮೇಲೆ. ದಾವಣಗೆರೆ ಅಂದ್ರೆ ಹತ್ತಿರ ಹತ್ತಿರ 14.46, 75.92. ಅದನ್ನ ಉಲ್ಟಾ ಹಾಕಿದ್ರೆ ನಾರ್ವೆಯಿಂದಾಚೆ ಉತ್ತರದ ಸಮುದ್ರದಲ್ಲಿ ಬಸ್ಸು ನಿಂತಿರತ್ತೆ. ಇನ್ನೂ ಗೊಂದಲ ಆಗೋದು ಎಲ್ಲಿ ಅಂದ್ರೆ ಎಮ್ಯುಲೇಟರಿಗೆ ಕಮಾಂಡ್ ಲೈನಿಂದ ಜಿಯೋ ಫಿಕ್ಸ್ ಅಂತ ಕೊಡೋವಾಗ ರೇಖಾಂಶಾನೇ ಮೊದ್ಲು ಕೊಡ್ಬೇಕು, ನಮ್ಮಲ್ಲಿಗೆ ಬಂದ ಎಷ್ಟೋ ಹುಡುಗ್ರು ಇದೊಂದಕ್ಕೆ ರಾತ್ರಿಯೆಲ್ಲಾ ಕೂತಿದಾರೆ. ಬಿಂದು ಆದ್ಮೇಲೆ ನಾಲ್ಕನೇ ಅಂಕಿ ಒಂದು ಹೆಚ್ಚಾದ್ರೆ ಸುಮಾರು 11 ಮೀಟರ್ ಜರುಗತ್ತೆ ಅಂತ ತಲೇಲಿಟ್ಕೊಂಡ್ರೆ ಬಸ್ ಸ್ಟಾಪಿನ ಜಾಗ ಗುರ್ತು ಹಾಕೋಕೆ ಸುಲಭ.

ಮತ್ತೆ ಒಂದು ಕೋರಿಕೆ. ಮಾಕ್ ಲೊಕೇಶನ್ ತುಂಬಾ ಶುದ್ಧ ಇರತ್ತೆ, ನಿಜವಾದ ಬಸ್ಸಲ್ಲಿ ಹಾಗಿರಲ್ಲ, ಫ್ಲೈಓವರ್ ಕೆಳಗೆ ಹೋದಾಗ ಸಿಗ್ನಲ್ ಹೋಗತ್ತೆ, ಕಟ್ಟಡಗಳ ಮಧ್ಯೆ ಮ್ಯಾಪಲ್ಲಿ ಜಾಗ ತೋರ್ಸೋ ಚುಕ್ಕೆ ರಸ್ತೆ ಬಿಟ್ಟು ಪಕ್ಕದ ಬೀದೀಲಿ ಹಾರತ್ತೆ, ಬಸ್ಸು ನಿಂತಿದ್ರೂ ಚುಕ್ಕೆ ಅಲ್ಲಾಡ್ತಾ ಇರತ್ತೆ. ಅದಕ್ಕೆ ಒಂದೇ ಒಂದು ಸಲ ನಿಜವಾಗಿ ಹರಿಹರಕ್ಕೆ ಬಸ್ಸಲ್ಲಿ ಹೋಗಿ ಬನ್ನಿ, ಹೋಗ್ತಾ ಟ್ರ್ಯಾಕ್ ರೆಕಾರ್ಡ್ ಮಾಡ್ಕೊಳ್ಳಿ, ಆ ಫೈಲನ್ನೇ ಹಾಸ್ಟೆಲಲ್ಲಿ ನೂರು ಸಲ ಓಡ್ಸಿ. ಬಸ್ಸಿಗೆ ಕಾಯೋ ಅಜ್ಜಿಗೆ ನಿಮ್ಮ ಆಪ್ ಸುಳ್ಳು ಹೇಳ್ಬಾರ್ದು ಅಂದ್ರೆ ಆ ಕೆಟ್ಟ ಡೇಟಾ ಬೇಕೇ ಬೇಕು.

ಪ್ರಶ್ನೆ: ನಾನು ಹಳ್ಳಿಗಳಲ್ಲಿ ಫೀಲ್ಡ್ ಕೆಲಸ ಮಾಡೋಳು. ಜಾಗಕ್ಕೆ ಹೋಗಿ ಆಪಲ್ಲಿ ಹಾಜರಿ ಹಾಕ್ಬೇಕು. ನಾನು ಅಲ್ಲೇ ಬಾಗ್ಲಲ್ಲಿ ನಿಂತಿದ್ರೂ ನೀವು ನಿಗದಿತ ಜಾಗದಿಂದ ದೂರ ಇದೀರಿ ಅಂತ ಬರತ್ತೆ. ತಿಂಗಳಿಗೆ ನಾಲ್ಕೈದು ದಿನ ಹೀಗೆ ಹೋಗತ್ತೆ, ಸಂಬಳ ಕಟ್ಟಾಗತ್ತೆ. ಜೊತೆಯವ್ರು ಫೇಕ್ ಜಿಪಿಎಸ್ ಹಾಕ್ಕೋ ಅಂತಾರೆ. ಹಾಕ್ಕೊಳ್ಳೋದಾ? – ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದ್ಲು ಒಂದು ಮಾತು, ತಪ್ಪು ನಿಮ್ಮದಲ್ಲ. 2020ರಲ್ಲಿ ಕೊರೋನಾ ಬಂದಾಗ ನಮ್ಮ ರಾಜ್ಯದಲ್ಲಿ ಮನೇಲಿ ಕ್ವಾರಂಟೈನ್ ಇದ್ದೋರು ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಲೊಕೇಶನ್ ಸಮೇತ ಕಳಿಸ್ಬೇಕು ಅಂತ ಮಾಡಿದ್ರಲ್ಲ, ಉದ್ಯೋಗ ಖಾತ್ರಿ ಕೆಲಸದಲ್ಲಿ 2023 ಜನವರಿ 1ರಿಂದ ಎಲ್ಲಾ ಕಡೆ ಎನ್‌ಎಂಎಂಎಸ್ ಆಪಲ್ಲಿ ಜಾಗದ ಗುರ್ತಿರೋ ಫೋಟೋ ಹಾಕಿದ್ರೇನೇ ಹಾಜರಿ ಅಂದ್ರಲ್ಲ, ಇಂಥವು ಬಂದಾಗಿಂದ ಮನುಷ್ಯ ಬಂದಿದ್ದಕ್ಕಿಂತ ಚುಕ್ಕೆ ಬಂದಿದ್ದೇ ಸಾಕ್ಷಿ ಆಗ್ಬಿಟ್ಟಿದೆ. ಚುಕ್ಕೆ ತಪ್ಪು ಮಾಡತ್ತೆ ಅಂತ ಮೇಲೆ ಕೂತೋರಿಗೆ ಗೊತ್ತಿರ್ಬೇಕು, ಗೊತ್ತಿರಲ್ಲ, ಕಷ್ಟ ಪಡೋರು ನೀವು.

ಆದ್ರೂ ಫೇಕ್ ಜಿಪಿಎಸ್ ಹಾಕ್ಕೋಬೇಡಿ. ಯಾಕೆ ಅಂತ ಬಿಡಿಸಿ ಹೇಳ್ತೀನಿ. ಆಂಡ್ರಾಯ್ಡ್ ಪ್ರತಿ ಲೊಕೇಶನ್ ಜೊತೆ ಇದು ಮಾಕ್ ಹೌದೋ ಅಲ್ವೋ ಅಂತ ಒಂದು ಗುರುತು ಕಳಿಸತ್ತೆ, ಆಪ್ ಮಾಡಿದೋರು ಒಂದೇ ಸಾಲು ಕೋಡಲ್ಲಿ ಅದನ್ನ ಓದ್ಬೋದು, ಓದಿ ನಿಮಗೆ ಏನೂ ತೋರಿಸ್ದೇ ಸುಮ್ನೆ ಸರ್ವರಲ್ಲಿ ಬರ್ದಿಡ್ಲೂಬೋದು. ಆರು ತಿಂಗಳಾದ್ಮೇಲೆ ಪಟ್ಟಿ ತೆಗೆದು ನೋಡಿದಾಗ, ನಿಜವಾಗ್ಲೂ ಕೆಲಸಕ್ಕೆ ಹೋಗಿದ್ದ ನೀವು ಕಳ್ಳ ಹಾಜರಿ ಹಾಕಿದೋರ ಸಾಲಲ್ಲಿ ಇರ್ತೀರಿ, ಆಗ ನಾನು ಅಲ್ಲೇ ಇದ್ದೆ ಅಂತ ಎಷ್ಟು ಹೇಳಿದ್ರೂ ಕೇಳೋರು ಇರಲ್ಲ. ಹೋಗ್ದೇ ಇದ್ದೋರಿಗೆ ಈ ಆಪ್ ಒಂದೆರಡು ದಿನದ ಉಪಾಯ, ಹೋಗಿದ್ದ ನಿಮಗೆ ಇದ್ರಿಂದ ಕಳ್ಕೊಳ್ಳೋದೇ ಜಾಸ್ತಿ.

ಈಗ ನಿಜವಾದ ತೊಂದ್ರೆ ನೋಡೋಣ. ಮಲೆನಾಡಲ್ಲಿ ಗುಡ್ಡದ ಮರೆ, ಅಡಿಕೆ ತೋಟದ ನೆರಳು, ಮಳೆಗಾಲದಲ್ಲಿ ಒದ್ದೆ ಎಲೆ ಇವೆಲ್ಲ ಉಪಗ್ರಹದ ಸಿಗ್ನಲ್ಲಿಗೆ ಅಡ್ಡ ಬರತ್ವೆ, ಅದು ಮೊದ್ಲೇ ತೀರಾ ಬಡಕಲು ಸಿಗ್ನಲ್ಲು. ಮಾಮೂಲಿ ಫೋನು ನೆಟ್ ಮೂಲಕ ಯಾವ ಉಪಗ್ರಹ ಎಲ್ಲಿದೆ ಅನ್ನೋ ಪಟ್ಟಿ ಬೇಗ ಇಳಿಸ್ಕೊಂಡು ಕೆಲವೇ ಸೆಕೆಂಡಲ್ಲಿ ಜಾಗ ಹೇಳತ್ತೆ. ನಿಮ್ಮ ಕಡೆ ನೆಟ್ ಇರಲ್ಲ, ಆಗ ಅದೇ ಪಟ್ಟಿ ಉಪಗ್ರಹದಿಂದಾನೇ ನಿಧಾನಕ್ಕೆ ಇಳೀಬೇಕು, ಒಂದೊಂದು ಉಪಗ್ರಹದ್ದಕ್ಕೂ 30 ಸೆಕೆಂಡು ಬೇಕು, ಮಧ್ಯೆ ಸಿಗ್ನಲ್ ಕಟ್ಟಾದ್ರೆ ಮತ್ತೆ ಮೊದಲಿಂದ. ಅಷ್ಟು ಹೊತ್ತು ಕಾಯ್ದೇ ಆಪು ಹಳೇ ಜಾಗಾನೇ, ಅಂದ್ರೆ ನೀವು ಕೊನೇ ಸಲ ನೆಟ್ ಸಿಕ್ಕ ಪೇಟೆ ಕಡೆ ಜಾಗಾನೇ ತಗೊಂಡ್ಬಿಡತ್ತೆ. ನಿಮಗೆ ದೂರ ಇದೀರಿ ಅಂತ ಬರೋದು ಹೆಚ್ಚಿನ ಸಲ ಇದಕ್ಕೇ.

ಹೀಗ್ ಮಾಡಿ ನೋಡಿ. ಮನೇಲಿ ಅಥವಾ ಪೇಟೇಲಿ ನೆಟ್ ಇರೋವಾಗ್ಲೇ ಮ್ಯಾಪ್ ಒಂದ್ಸಲ ತೆಗೆದು ಚುಕ್ಕೆ ಸರಿಯಾಗೋ ತನಕ ಬಿಡಿ. ಬ್ಯಾಟರಿ ಸೇವರ್ ಆಫ್ ಮಾಡಿ, ಇದು ಆನ್ ಇದ್ರೆ ಎಷ್ಟೋ ಫೋನಲ್ಲಿ ಲೊಕೇಶನ್ ಅರ್ಧ ನಿದ್ದೇಲಿರತ್ತೆ. ಹಾಜರಿ ಆಪಿಗೆ ಪ್ರಿಸೈಸ್ ಲೊಕೇಶನ್ ಕೊಟ್ಟಿದೀರಾ ನೋಡಿ, ಆಂಡ್ರಾಯ್ಡ್ 12 ಆದ್ಮೇಲೆ ಅಪ್ರಾಕ್ಸಿಮೇಟ್ ಅಂತ ಇನ್ನೊಂದು ಆಯ್ಕೆ ಬಂದಿದೆ, ಅದನ್ನ ಗೊತ್ತಿಲ್ದೇ ಒತ್ತಿದ್ರೆ ನೀವು ಎಲ್ಲೇ ನಿಂತ್ರೂ ಒಂದೆರಡು ಕಿಲೋಮೀಟರ್ ಆಚೀಚೆ ತೋರ್ಸತ್ತೆ. ಆಮೇಲೆ ಆ ಜಾಗದಲ್ಲಿ ಸೂರಿನ ಕೆಳಗೆ ನಿಲ್ದೇ ಆಕಾಶ ಕಾಣೋ ಕಡೆ ಅಂಗಳಕ್ಕೆ ಬಂದು ಎರಡು ಮೂರು ನಿಮಿಷ ನಿಲ್ಲಿ, ಮ್ಯಾಪಿನ ನೀಲಿ ಚುಕ್ಕೆ ಸುತ್ತ ಇರೋ ತೆಳು ನೀಲಿ ವೃತ್ತ ಚಿಕ್ಕದಾದ್ಮೇಲೆ ಹಾಜರಿ ಆಪ್ ತೆಗೀರಿ.

ಇಷ್ಟಾದ್ರೂ ಪ್ರತಿ ಸಲ ಒಂದೇ ದಿಕ್ಕಿಗೆ, ಒಂದೇ ಅಳತೆ ತಪ್ಪು ಬರ್ತಿದ್ರೆ ಫೋನಿನ ತಪ್ಪಲ್ಲ, ಆಪೀಸಲ್ಲಿ ಆ ಜಾಗದ ಅಂಕಿ ನಮೂದಿಸೋವಾಗ್ಲೇ ತಪ್ಪಾಗಿರತ್ತೆ. ಯಾರೋ ತಾಲ್ಲೂಕು ಕೇಂದ್ರದಲ್ಲಿ ಕೂತು ಮ್ಯಾಪಲ್ಲಿ ಅಂದಾಜಿಗೆ ಗುಂಡಿ ಒತ್ತಿರ್ತಾರೆ. ಮ್ಯಾಪಲ್ಲಿ ಚುಕ್ಕೆ ಮೇಲೆ ಒತ್ತಿ ಹಿಡಿದ್ರೆ ಅಂಕಿ ಬರತ್ತೆ, ಅದನ್ನ, ತಪ್ಪು ಬಂದ ದಿನಗಳ ಸ್ಕ್ರೀನ್‌ಶಾಟ್ ಜೊತೆ ಮೇಲಧಿಕಾರಿಗೆ ಬರವಣಿಗೇಲಿ ಕೊಡಿ, ಬಾಯಲ್ಲಿ ಹೇಳೋದು ಬೇಡ, ಸ್ವೀಕೃತಿ ತಗೊಳ್ಳಿ. ನಾಲ್ಕೈದು ಜನ ಒಟ್ಟಿಗೆ ಕೊಟ್ರೆ ಇನ್ನೂ ಒಳ್ಳೇದು. ನಿಮ್ಮ ಸಂಬಳ ಆ ಒಂದು ತಪ್ಪು ಅಂಕಿ ಮೇಲೆ ನಿಂತಿದೆ, ಅದನ್ನ ತಿದ್ದಿ ಅಂತ ಕೇಳೋದು ನಿಮ್ಮ ಹಕ್ಕು.

ಪ್ರಶ್ನೆ: ನಾನು ಕ್ಯಾಬ್ ಓಡಿಸ್ತೀನಿ. ಏರ್‌ಪೋರ್ಟ್ ಕ್ಯೂನಲ್ಲಿ ಮೂರು ಮೂರು ಗಂಟೆ ಕಾಯ್ಬೇಕು. ಕೆಲವ್ರು ಮನೇಲಿದ್ದೇ ಏರ್‌ಪೋರ್ಟಲ್ಲಿ ಇದೀವಿ ಅಂತ ತೋರ್ಸಿ ಕ್ಯೂ ಹಿಡೀತಾರೆ. ನಾನೂ ಮಾಡಿದ್ರೆ ಏನಾಗತ್ತೆ? – ಯಲಹಂಕ, ಬೆಂಗಳೂರು

ಉತ್ತರ: ಮೂರು ಗಂಟೆ ಗಾಡೀಲಿ ಕೂರೋದು ಎಂಥ ಹಿಂಸೆ ಅಂತ ಗೊತ್ತು ಅಣ್ಣ, ಊಟ ಇಲ್ಲ, ಶೌಚಕ್ಕೆ ಜಾಗ ಇಲ್ಲ. ಆದ್ರೆ ಆ ಕ್ಯೂನಲ್ಲಿ ನಿಮ್ಮ ಹಿಂದೆ ಕೂತಿರೋದೂ ನಿಮ್ಮಂಥ ಇನ್ನೊಬ್ಬ ಡ್ರೈವರ್ರೇ, ಕಂಪನಿ ಅಲ್ಲ. ಸುಳ್ಳು ಚುಕ್ಕೆಯಿಂದ ಹಿಂದಕ್ಕೆ ಹೋಗೋನು ಅವ್ನು.

ಸಿಕ್ಕಿ ಬೀಳಲ್ವಾ ಅಂದ್ರೆ, ಬೀಳ್ತೀರಿ. ಮಾಕ್ ಗುರುತಿನ ವಿಷ್ಯ ಮೇಲೆ ಹೇಳ್ದೆ. ಅದನ್ನೂ ಮುಚ್ಚಿಡ್ತೀವಿ ಅಂತ ಫೋನನ್ನ ರೂಟ್ ಮಾಡಿ, ಅಂದ್ರೆ ಅದರ ಒಳಗಿನ ಬೀಗ ತೆಗೆದು ಕೊಡೋರು ಇದಾರೆ, ಆದ್ರೆ ಬೇರೆ ಲೆಕ್ಕಾನೂ ಹಾಕ್ತಾರೆ, ಯಲಹಂಕದಲ್ಲಿದ್ದ ಚುಕ್ಕೆ ಒಂದು ಸೆಕೆಂಡಲ್ಲಿ ದೇವನಹಳ್ಳಿಗೆ ಹಾರಿದ್ರೆ ಅದು ಕಾರಲ್ಲ ಅಂತ ಕಂಪ್ಯೂಟರಿಗೂ ಗೊತ್ತಾಗತ್ತೆ, ಸುತ್ತ ಕಾಣೋ ವೈಫೈ ಹೊಂದಲ್ಲ, ಸಾದಹಳ್ಳಿ ಟೋಲಿನ ಫಾಸ್ಟ್ಯಾಗ್ ಟೈಮು ಹೊಂದಲ್ಲ. ಐಡಿ ಬ್ಲಾಕ್ ಆದ್ರೆ ಕಾರಿನ ಇಎಂಐ ಯಾರು ಕಟ್ತಾರೆ. ಕಂಪ್ಯೂಟರ್ ಬಳಸಿ ಮೋಸ ಅಂತ ಯಾರಾದ್ರೂ ದೂರು ಕೊಟ್ರೆ ಐಟಿ ಕಾಯ್ದೆ 2000ರಲ್ಲಿ 66ಡಿ ಅಂತ ಕಲಂ ಇದೆ, ಬೇರೆಯೋರ ಸೋಗು ಹಾಕಿ ವಂಚಿಸಿದ್ದಕ್ಕೆ 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಫೇಕ್ ಲೊಕೇಶನ್ ಆಪ್ ಫೋನಲ್ಲಿರೋದೇ ಅಪರಾಧ ಅಂತಲ್ಲ, ಅದ್ರಿಂದ ಒಬ್ಬರ ದುಡ್ಡು ಹೊಡೆದಾಗ ವಂಚನೆ ಕಲಮುಗಳು ಬರತ್ವೆ.

ಎಲ್ಲಕ್ಕಿಂತ ನನಗೆ ಹೆದರಿಕೆ ಆಗೋದು ಇನ್ನೊಂದಕ್ಕೆ. ರಾತ್ರಿ 2 ಗಂಟೆಗೆ ನಿಮ್ಮ ಗಾಡಿ ಹತ್ತಿದ ಹುಡುಗಿಯ ಅಪ್ಪ ಅಮ್ಮ ಮನೇಲಿ ಕೂತು ಅದೇ ಚುಕ್ಕೆ ನೋಡ್ತಿರ್ತಾರೆ. ಆ ಚುಕ್ಕೆ ಸುಳ್ಳಾಗ್ಬಾರ್ದು. ಕಾಯೋ ಜಾಗದಲ್ಲಿ ಶೌಚಾಲಯ, ನೀರು, ಕ್ಯೂ ನಂಬರ್ ಸರಿಯಾಗಿ ತೋರ್ಸೋ ವ್ಯವಸ್ಥೆ ಇವನ್ನ ಕೇಳೋಕೆ ನಿಮ್ಮ ಯೂನಿಯನ್ ಮೂಲಕ ಹೋಗಿ, ಫೇಕ್ ಹಾಕೋರ ಬಗ್ಗೆ ಆಪಲ್ಲೇ ಕಂಪ್ಲೇಂಟ್ ಮಾಡಿ.

ಪ್ರಶ್ನೆ: ಮದ್ವೆ ಆಗಿ ಎರಡು ವರ್ಷ. ನಾನು ಕೆಲಸಕ್ಕೆ ಹೋದ್ರೆ ದಿನಾ ವಾಟ್ಸಾಪಲ್ಲಿ 8 ಗಂಟೆ ಲೈವ್ ಲೊಕೇಶನ್ ಹಾಕ್ಬೇಕು, ಇಲ್ದಿದ್ರೆ ಮನೇಲಿ ರಂಪ. ಸ್ನೇಹಿತೆ ಮನೆಗೂ ಹೋಗೋಕಾಗಲ್ಲ. ಆಫೀಸಲ್ಲೇ ಇದೀನಿ ಅಂತ ತೋರ್ಸೋ ಆಪ್ ಹಾಕ್ಕೊಂಡ್ರೆ ಗೊತ್ತಾಗತ್ತಾ? – ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಸ್ನೇಹಿತೆ ಮನೆಗೆ ಹೋಗೋಕೆ ಸುಳ್ಳು ಹೇಳ್ಬೇಕಾದ ಪರಿಸ್ಥಿತಿ ಬಂದಿದೆ ಅಂದ್ರೆ ತಪ್ಪು ನಿಮ್ಮಲ್ಲಿ ಇಲ್ಲ.

ಗೊತ್ತಾಗತ್ತಾ ಅಂದ್ರೆ, ಗೊತ್ತಾಗ್ಬೋದು. ಮನೆಯೋರು ನಿಮ್ಮ ಫೋನ್ ಕೈಗೆ ತಗೊಂಡು ನೋಡೋ ಪೈಕಿ ಆಗಿದ್ರೆ ಆಪ್ ಕಣ್ಣಿಗೆ ಬೀಳತ್ತೆ, ಡೆವಲಪರ್ ಆಪ್ಶನ್ಸ್ ಆನ್ ಇರೋದೂ ಕಾಣತ್ತೆ, ಮಧ್ಯದಲ್ಲಿ ಆಪ್ ನಿಂತು ಹೋದ್ರೆ ಚುಕ್ಕೆ ತಟಕ್ಕಂತ ನಿಜವಾದ ಜಾಗಕ್ಕೆ ಹಾರತ್ತೆ. ಸಿಟ್ಟಿನ ಮನೇಲಿ ಅದು ಸಿಕ್ರೆ ಏನಾಗ್ಬೋದು ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇನ್ನೊಂದು, ಅದು ಆನ್ ಇರೋವಾಗ ನಿಮಗೇ ಏನಾದ್ರೂ ಅಪಾಯ ಆಗಿ ಯಾರಿಗಾದ್ರೂ ಲೊಕೇಶನ್ ಕಳಿಸಿದ್ರೆ ಸಹಾಯ ತಪ್ಪು ಜಾಗಕ್ಕೆ ಹೋಗತ್ತೆ.

ನಿಮಗೆ ಗೊತ್ತಿಲ್ದೇ ಬೇರೆ ಕಡೆಯಿಂದಾನೂ ನೋಡ್ತಿದಾರಾ ಅಂತ ಮೊದ್ಲು ತಿಳ್ಕೊಳ್ಳಿ. ವಾಟ್ಸಾಪ್ ಪ್ರೈವಸಿ ಒಳಗೆ ಲೈವ್ ಲೊಕೇಶನ್ ಅಂತಿದೆ, ಯಾರ್ಯಾರಿಗೆ ಹೋಗ್ತಿದೆ ಅಂತ ಪಟ್ಟಿ ಬರತ್ತೆ. ಲಿಂಕ್ಡ್ ಡಿವೈಸಸ್ ನೋಡಿ, ನಿಮ್ಮ ಚಾಟ್ ಬೇರೆ ಕಂಪ್ಯೂಟರಲ್ಲಿ ತೆರೆದಿದ್ಯಾ ಅಂತ. ಗೂಗಲ್ ಮ್ಯಾಪಲ್ಲಿ ನಿಮ್ಮ ಫೋಟೋ ಒತ್ತಿದ್ರೆ ಲೊಕೇಶನ್ ಶೇರಿಂಗ್ ಬರತ್ತೆ, ಅದೂ ನೋಡಿ. ಫೋನ್ ಸೆಟ್ ಮಾಡಿ ಕೊಟ್ಟಿದ್ದೇ ಅವ್ರಾಗಿದ್ರೆ ಗೂಗಲ್ ಪಾಸ್‌ವರ್ಡೂ ಅವ್ರ ಹತ್ರ ಇರತ್ತೆ, ಆಗ ಕಳೆದ ಫೋನ್ ಹುಡುಕೋ ಸೌಲಭ್ಯದಿಂದ್ಲೂ ನೀವೆಲ್ಲಿದೀರಿ ಅಂತ ನೋಡ್ಬೋದು. ಆದ್ರೆ ಎಲ್ಲಾನೂ ಒಂದೇ ದಿನ ಆಫ್ ಮಾಡ್ಬೇಡಿ, ಮನೇಲಿ ಏನಾಗತ್ತೆ ಅಂತ ಯೋಚ್ಸಿ, ಜೊತೆಗೆ ಒಬ್ರು ನಂಬಿಕಸ್ಥರಿಗೆ ವಿಷ್ಯ ಹೇಳಿಟ್ಟು ಮಾಡಿ.

ಹೀಗೆ ಹೆದರಿಸಿ ಕಣ್ಗಾವಲು ಇಡೋದು ಮನೆ ಮಾತು ಅಂತ ನುಂಗ್ಕೋಬೇಕಾಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೇಲಿ ಹೊಡೆಯೋದಷ್ಟೇ ಅಲ್ಲ, ಮಾನಸಿಕ ಹಿಂಸೇನೂ ಸೇರತ್ತೆ. ಮಹಿಳಾ ಸಹಾಯವಾಣಿ 181, ತುರ್ತು ಇದ್ರೆ 112. ಆಫೀಸಿನ ಫೋನಿಂದ ಅಥವಾ ಸ್ನೇಹಿತೆ ಫೋನಿಂದ ಕರೆ ಮಾಡಿ. ಹಿಂಸೆ ಅನುಭವಿಸ್ತಿರೋ ಹೆಣ್ಮಕ್ಳಿಗೆ ಸಲಹೆ ಕೊಡೋ ಸಾಂತ್ವನ ಕೇಂದ್ರ ನಿಮ್ಮ ಜಿಲ್ಲೇಲಿ ಇದ್ರೆ ಅಲ್ಲಿ ಕೂತು ಮಾತಾಡೋಕೂ ಆಗತ್ತೆ. ಮತ್ತೆ ಬರೀರಿ, ಕಾಯ್ತಿರ್ತೀನಿ.

ಪ್ರಶ್ನೆ: ಮಗ ಪೊಕೆಮಾನ್ ಗೋ ಆಡೋಕೆ ನನ್ನ ಫೋನಲ್ಲಿ ಏನೋ ಲೊಕೇಶನ್ ಆಪ್ ಹಾಕಿದ್ದ. ಈಗ ಬ್ಯಾಂಕ್ ಆಪ್ ತೆರೆಯಲ್ಲ, ಊಟ ತರ್ಸಿದ್ರೆ ಬೇರೆ ಊರು ತೋರ್ಸತ್ತೆ. – ಉಡುಪಿ

ಉತ್ತರ: ಡೆವಲಪರ್ ಆಪ್ಶನ್ಸ್‌ಗೆ ಹೋಗಿ ಮಾಕ್ ಲೊಕೇಶನ್ ಆಪ್ ಅನ್ನೋ ಕಡೆ ನಥಿಂಗ್ ಅಥವಾ ನನ್ ಅಂತ ಮಾಡಿ, ಆ ಆಪ್ ತೆಗೆದ್ಹಾಕಿ, ಆಮೇಲೆ ಡೆವಲಪರ್ ಆಪ್ಶನ್ಸನ್ನೇ ಮೇಲಿರೋ ಗುಂಡಿಯಿಂದ ಆಫ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ. ಕೆಲವು ಬ್ಯಾಂಕ್ ಆಪ್‌ಗಳು ಡೆವಲಪರ್ ಆಪ್ಶನ್ಸ್ ಆನ್ ಇದ್ರೇನೇ ತೆರೆಯಲ್ಲ, ಅದು ನಿಮ್ಮ ದುಡ್ಡಿನ ಒಳ್ಳೇದಕ್ಕೇನೇ. ಮಗ ಆಪನ್ನ ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಇಳಿಸಿದ್ರೆ, ಅಥವಾ ಅದು ಆಕ್ಸೆಸಿಬಿಲಿಟಿ ಪರ್ಮಿಶನ್ ಕೇಳಿದ್ರೆ ಹುಷಾರು, ಆ ಪರ್ಮಿಶನ್ ಇದ್ರೆ ಸ್ಕ್ರೀನ್ ಮೇಲಿರೋದೆಲ್ಲ ಓದ್ಬೋದು, ಲೊಕೇಶನ್ ಬದಲಾಯಿಸೋಕೆ ಅದು ಬೇಕಾಗೇ ಇಲ್ಲ. ಅಂಥದ್ದಿದ್ರೆ ಬ್ಯಾಂಕ್ ಪಾಸ್‌ವರ್ಡೂ ಬದಲಾಯಿಸಿ.

ಮಗನ್ನ ಬೈಬೇಡಿ. ಆ ಆಟ 2016ರಲ್ಲಿ ಬಂದಿದ್ದೇ ಮಕ್ಳು ಮನೆಯಿಂದ ಹೊರಗೆ ನಡೀಲಿ ಅಂತ, ಫೇಕ್ ಲೊಕೇಶನ್ ಹಾಕಿದ್ರೆ ಕಂಪನಿಯೋರು ಎಚ್ಚರಿಕೆ ಕೊಟ್ಟು ಆಮೇಲೆ ಖಾತೇನೇ ಮುಚ್ತಾರೆ ಅಂತ ಹೇಳಿ, ಸಂಜೆ ಮಲ್ಪೆ ಬೀಚಿಗೆ ಕರ್ಕೊಂಡ್ ಹೋಗಿ ಆಡ್ಸಿ.

ಮರೆತು ಹೋಗೋ ವಿಷ್ಯದಲ್ಲಿ ನಂದೂ ಒಂದು ಅನುಭವ ಹೇಳ್ತೀನಿ. ಈ ಅಂಕಣಕ್ಕೆ ಅಂತ ಫೋನಲ್ಲಿ ಮಾಕ್ ಹಾಕಿ ನೋಡ್ತಿದ್ದೆ, ತೆಗೆಯೋದು ಮರ್ತೆ, ಅದೇ ದಿನ ರಾತ್ರಿ ಅಮ್ಮಂಗೆ ಉಸಿರಾಟದ ಔಷಧಿ ಆರ್ಡರ್ ಮಾಡ್ದೆ, ಡೆಲಿವರಿ ಹುಡುಗ ಊರಿನ ಇನ್ನೊಂದು ತುದೀಲಿ ನಿಂತು ಫೋನ್ ಮಾಡ್ತಿದಾನೆ. ಔಷಧಿ ಬರೋಕೆ ಒಂದು ಗಂಟೆ ಜಾಸ್ತಿ ಆಯ್ತು. ಅವತ್ತಿಂದ ಟೆಸ್ಟಿಂಗಿಗೆ ಹಳೇ ಫೋನು ಬೇರೇನೇ ಇಟ್ಟಿದೀನಿ.

ಪ್ರಶ್ನೆ: ಐಫೋನಲ್ಲಿ ಇದು ಆಗಲ್ವಾ? – ಮಂಗಳೂರು

ಉತ್ತರ: ಆಂಡ್ರಾಯ್ಡ್ ತರ ಒಂದು ಆಪ್ ಹಾಕಿ ಆಗೋದಲ್ಲ. ಆಪ್ ಬರೆಯೋರು ಮ್ಯಾಕ್ ಕಂಪ್ಯೂಟರಿಗೆ ಫೋನ್ ಜೋಡಿಸಿ ಎಕ್ಸ್‌ಕೋಡಿಂದ ಲೊಕೇಶನ್ ಸಿಮ್ಯುಲೇಟ್ ಮಾಡ್ತಾರೆ, ಐಓಎಸ್ 16ರಿಂದ ಅದಕ್ಕೆ ಫೋನಲ್ಲಿ ಡೆವಲಪರ್ ಮೋಡ್ ಆನ್ ಮಾಡ್ಬೇಕು. ದುಡ್ಡು ಕೊಟ್ಟು ತಗೊಳ್ಳೋ ಬೇರೆ ಕಂಪ್ಯೂಟರ್ ಸಾಫ್ಟ್‌ವೇರುಗಳೂ ಇವೆ, ಆದ್ರೆ ಗೊತ್ತಿಲ್ದೇ ಇರೋ ಸಾಫ್ಟ್‌ವೇರಿಗೆ ಫೋನ್ ಜೋಡಿಸಿ ಟ್ರಸ್ಟ್ ಅಂತ ಒತ್ತೋದು ನನಗೆ ಸರಿ ಕಾಣಲ್ಲ. ನಿಮಗೆ ಬೇಕಾಗಿರೋದು ಆಪ್‌ಗಳು ಹಿಂಬಾಲಿಸ್ಬಾರ್ದು ಅಂತಷ್ಟೇ ಆದ್ರೆ ಸುಳ್ಳು ಹೇಳೋ ಅವಶ್ಯಕತೇನೇ ಇಲ್ಲ, ಹೇಳಲ್ಲ ಅನ್ನೋ ಆಯ್ಕೆ ಇದೆ: ಐಓಎಸ್ 14ರಿಂದ ಪ್ರಿಸೈಸ್ ಲೊಕೇಶನ್ ಆಫ್ ಮಾಡ್ಬೋದು. ಹವಾಮಾನ ಹೇಳೋ ಆಪಿಗೆ ನಿಮ್ಮ ಬೀದಿ ಯಾಕೆ, ಊರು ಗೊತ್ತಾದ್ರೆ ಸಾಕು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಧಾರವಾಡದಲ್ಲಿ ಕೂತು ನೆಟ್ ನೋಡಿದ್ರೆ ಕೆಲವು ಸೈಟು ನಾನು ಮುಂಬೈಲಿದೀನಿ ಅಂತಾವೆ. ಯಾರಾದ್ರೂ ನನ್ನ ಲೊಕೇಶನ್ ಬದಲಾಯಿಸಿದಾರಾ?

ಉತ್ತರ: ಇಲ್ಲ ಸರ್, ಗಾಬರಿ ಬೇಡ. ಆ ಸೈಟುಗಳು ಜಿಪಿಎಸ್ ನೋಡಿಲ್ಲ, ಐಪಿ ಅಡ್ರೆಸ್, ಅಂದ್ರೆ ನೆಟ್ ಕಂಪನಿ ನಿಮ್ಮ ಕನೆಕ್ಷನ್ನಿಗೆ ಕೊಟ್ಟಿರೋ ನಂಬರ್, ನೋಡಿ ಅಂದಾಜು ಮಾಡಿವೆ. ನಿಮ್ಮ ನೆಟ್ ಕಂಪನಿ ಆ ಐಪಿಯನ್ನ ಮುಂಬೈ ಲೆಕ್ಕದಲ್ಲಿ ಇಟ್ಟಿರತ್ತೆ ಅಷ್ಟೆ. ನಿಮ್ಮ ನೆಟ್ಟನ್ನ ಬೇರೆ ಕಡೆಯ ಕಂಪ್ಯೂಟರ್ ಮೂಲಕ ಕಳಿಸೋ ವಿಪಿಎನ್ ಬದಲಾಯಿಸೋದು ಐಪಿಯನ್ನ, ಮಾಕ್ ಆಪ್ ಬದಲಾಯಿಸೋದು ಆಪ್‌ಗಳಿಗೆ ಹೋಗೋ ಲೊಕೇಶನ್ನ, ಇವೆರಡೂ ಮೊಬೈಲ್ ಟವರ್ ದಾಖಲೆಯನ್ನ ಮುಟ್ಟೋಕಾಗಲ್ಲ. ಪೊಲೀಸ್ನೋರು ಯಾರನ್ನಾದ್ರೂ ಹುಡುಕೋವಾಗ ಹೆಚ್ಚಾಗಿ ನೋಡೋದು ಆ ಟವರ್ ದಾಖಲೇನೇ.

ಪ್ರಶ್ನೆ: ಜಮೀನು ತಗೋಬೇಕು ಅಂತಿದೀವಿ. ಬ್ರೋಕರ್ ಜಾಗಕ್ಕೆ ಕರ್ಕೊಂಡ್ ಹೋಗಿ ಅವ್ನ ಫೋನಲ್ಲಿ ದಿಶಾಂಕ್ ತೆಗೆದು, ನೋಡಿ ನಾವು ನಿಂತಿರೋದು ಇದೇ ಸರ್ವೆ ನಂಬರ್ ಅಂತ ತೋರ್ಸಿದ. ನಿಮ್ಮ ಅಂಕಣ ಓದಿ ಅನುಮಾನ ಬಂತು. ಅದನ್ನೂ ಸುಳ್ಳು ಮಾಡ್ಬೋದಾ? – ಕನಕಪುರ ರಸ್ತೆ

ಉತ್ತರ: ಬಂದ ಪ್ರಶ್ನೆಗಳಲ್ಲಿ ಇದು ನನ್ನನ್ನ ತುಂಬಾ ಯೋಚ್ನೆಗೆ ಹಚ್ಚಿತು. ನಿಮ್ಮ ಬ್ರೋಕರ್ ಮೋಸ ಮಾಡಿದಾನೆ ಅಂತ ನಾನು ಹೇಳ್ತಿಲ್ಲ. ಆದ್ರೆ ದಿಶಾಂಕ್ ಆಪ್, ಅಂದ್ರೆ ನಮ್ಮ ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿರೋ ಆಪ್, ಫೋನು ಹೇಳಿದ ಜಾಗಾನ ತಗೊಂಡು ಕಂದಾಯ ನಕ್ಷೆ ಮೇಲೆ ಆ ಜಾಗ ಯಾವ ಸರ್ವೆ ನಂಬರಲ್ಲಿ ಬರತ್ತೆ ಅಂತ ತೋರ್ಸತ್ತೆ. ಫೋನೇ ಸುಳ್ಳು ಜಾಗ ಹೇಳಿದ್ರೆ ಆಪಿಗೆ ಬರೋದೂ ಸುಳ್ಳೇ. ನೀವು ನಿಂತಿರೋದು ರಸ್ತೆ ಪಕ್ಕದ ಚೆಂದದ ಹೊಲದಲ್ಲಿ, ಅವ್ನ ಹತ್ರ ಮಾರೋಕಿರೋದು ಅರ್ಧ ಕಿಲೋಮೀಟರ್ ಒಳಗಿರೋ ಹಳ್ಳದ ಜಾಗ, ಫೋನಲ್ಲಿ ಆ ಹಳ್ಳದ ಸರ್ವೆ ನಂಬರ್ ಕಾಣ್ಸತ್ತೆ, ಕಾಗದದಲ್ಲೂ ಅದೇ ನಂಬರ್ ಇರೋದ್ರಿಂದ ನಿಮಗೆ ಎಲ್ಲಾ ಸರಿ ಇದೆ ಅನ್ಸತ್ತೆ. ಹೀಗೆ ಆಗೋ ಸಾಧ್ಯತೆ ಇದೆ ಅಂತ ಗೊತ್ತಿರ್ಲಿ.

ಅದಕ್ಕೆ ನಿಮ್ಮ ಫೋನಲ್ಲೇ ದಿಶಾಂಕ್ ಹಾಕ್ಕೊಂಡು, ಬ್ರೋಕರ್ ಇಲ್ದಿರೋವಾಗ ಇನ್ನೊಂದು ದಿನ ಹೋಗಿ ನಿಂತು ನೋಡಿ. ಒಂದೇ ಕಡೆ ಅಲ್ಲ, ನಾಲ್ಕು ಮೂಲೇಲೂ ನಡೆದು ನೋಡಿ. ಮೂಲೆ ಹತ್ರ ಪಕ್ಕದ ನಂಬರ್ ತೋರ್ಸಿದ್ರೆ ಅದು ಮೋಸಾನೇ ಆಗ್ಬೇಕಿಲ್ಲ, ಫೋನಿನ ಜಿಪಿಎಸ್ಸೇ ಬಯಲಲ್ಲೂ ಐದು ಹತ್ತು ಮೀಟರ್ ಆಚೀಚೆ ಹೇಳತ್ತೆ, ಅಷ್ಟು ಆಚೀಚೆ ಅಂದ್ರೆ ಕನಕಪುರ ರಸ್ತೇಲಿ ಎಷ್ಟು ದುಡ್ಡು ಅಂತ ನಾನು ಹೇಳ್ಬೇಕಾಗಿಲ್ಲ. ಅಕ್ಕಪಕ್ಕದ ಹೊಲದೋರನ್ನ ಮಾತಾಡ್ಸಿ, ಇದು ಯಾರ ಜಮೀನು ಅಂತ ಸುಮ್ನೆ ಕೇಳಿ, ಹಳ್ಳೀಲಿ ಉಳೋ ಮನುಷ್ಯಂಗೆ ಗೊತ್ತಿರೋದು ಯಾವ ಉಪಗ್ರಹಕ್ಕೂ ಗೊತ್ತಿರಲ್ಲ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಇವನ್ನ ನೀವೇ ತೆಗೆಸಿ, ಅವ್ನು ಕೊಟ್ಟ ಜೆರಾಕ್ಸ್ ನಂಬ್ಕೋಬೇಡಿ. ಅಡ್ವಾನ್ಸ್ ಕೊಡೋಕೆ ಮುಂಚೆ, ಮಾರೋರ ಹೆಸರಲ್ಲೇ ಹದ್ದುಬಸ್ತಿಗೆ ಅರ್ಜಿ ಹಾಕ್ಸಿ, ಸರ್ಕಾರಿ ಸರ್ವೇಯರ್ ಬಂದು ಅಳತೆ ಮಾಡಿ ಗಡಿ ಗುರ್ತು ಮಾಡೋ ದಿನ ನೀವೂ ಅಲ್ಲೇ ಇರಿ, ಪಕ್ಕದ ಜಮೀನಿನೋರೂ ಇರ್ಲಿ. ಅರ್ಜಿ ಹಾಕೋಣ ಅಂದಾಗ ಬ್ರೋಕರ್ ಯಾಕೆ ಸಾರ್ ಆಪಲ್ಲೇ ಕಾಣ್ತಲ್ಲ ಅಂತ ಅವಸರ ಮಾಡಿದ್ರೆ, ಅಡ್ವಾನ್ಸ್ ದುಡ್ಡು ಜೇಬಿಂದ ತೆಗೀಬೇಡಿ.